ಲೂಪುಗಳ ಬಗ್ಗೆ ಸ್ಟ್ಯಾಟಿಕ್ ಅನಲೈಸರ್ ಕೊಡುವ ವರದಿ: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಮಂಗಳೂರಿನ ದಕ್ಕೆಯಿಂದ ಮಲ್ಪೆಯವರೆಗಿನ ಐಸ್ ಪ್ಲಾಂಟ್‌ಗಳಲ್ಲಿ ಕೂರಿಸುವ ನಿಯಂತ್ರಕಗಳಿಗೆ ನಮ್ಮ ಪುಟ್ಟ ತಂಡ ಸಿ ಭಾಷೆಯಲ್ಲಿ ಕೋಡ್ ಬರೆಯುತ್ತದೆ. ಬರೆದ ಕೋಡ್ ಹೊರಗೆ ಹೋಗುವ ಮೊದಲು ಸ್ಟ್ಯಾಟಿಕ್ ಅನಲೈಸರ್‌ನ, ಅಂದರೆ ಕೋಡನ್ನು ಓಡಿಸದೆಯೇ ಓದಿ ತಪ್ಪು ಹುಡುಕುವ ತಂತ್ರಾಂಶದ, ಪರೀಕ್ಷೆಯನ್ನು ದಾಟಲೇಬೇಕೆಂಬುದು ನಮ್ಮಲ್ಲಿ ನಿಯಮ. ಪರೀಕ್ಷಿಸುವುದು, ಕ್ಲ್ಯಾಂಗ್ ಎಂಬ ಕಂಪೈಲರ್‌ನ (ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶದ) ಭಾಗವಾದ ಕ್ಲ್ಯಾಂಗ್ ಸ್ಟ್ಯಾಟಿಕ್ ಅನಲೈಸರ್. ಅದು ಕಂಡುಕೊಂಡದ್ದನ್ನು ಓದಬಲ್ಲ ರೂಪಕ್ಕೆ ತರುವ ವರದಿಯ ಪದರವನ್ನೂ ಕೆಲವು ಹೆಚ್ಚುವರಿ ಪರೀಕ್ಷೆಗಳನ್ನೂ ನಾವೇ ಬರೆದುಕೊಂಡಿದ್ದೇವೆ. ಲೂಪುಗಳ, ಅಂದರೆ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡುವ ಕೋಡಿನ ಭಾಗಗಳ, ವಿಷಯದಲ್ಲಿ ಈ ವರದಿ ಕೈಕೊಟ್ಟಾಗ ಕಾರಣವನ್ನು ಎಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು, ತಂಡಕ್ಕೆ ಹೊಸದಾಗಿ ಸೇರಿದವರಿಗೂ ಇದೇ ಬಗೆಯ ಕೆಲಸದಲ್ಲಿರುವ ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮನ್ನು ಎಚ್ಚರಿಸಿದ ಪ್ರಕರಣವನ್ನು ಮೊದಲು ಹೇಳಬೇಕು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಿಷೇಧವಿರುತ್ತದೆ. ಆ ದಿನಗಳ ವಿದ್ಯುತ್ ಬಳಕೆಯನ್ನು ದಿನಕ್ಕೊಂದು ಸಂಖ್ಯೆಯಂತೆ ಇಟ್ಟುಕೊಳ್ಳಲು ಒಂದು ಸ್ಟ್ರಕ್ಚರ್‌ನೊಳಗೆ (ಸಂಬಂಧಪಟ್ಟ ಮಾಹಿತಿಯನ್ನು ಒಟ್ಟಿಗೆ ಇಡುವ ಕಟ್ಟಿನೊಳಗೆ) 61 ಸ್ಥಾನಗಳ ಅರೇ, ಅಂದರೆ ಸಂಖ್ಯೆಗಳ ಸಾಲು, ಇತ್ತು. ಅದರ ಬೆನ್ನಿಗೇ, ಕಂಪ್ರೆಸರ್ ನಿಂತ ಮೇಲೆ ಮತ್ತೆ ಚಾಲೂ ಆಗುವ ಮೊದಲು ಎಷ್ಟು ಸೆಕೆಂಡು ಕಾಯಬೇಕೆಂದು ಹೇಳುವ ವಿಳಂಬದ ಸಂಖ್ಯೆ ಇತ್ತು. ಅರೇಯನ್ನು ಸೊನ್ನೆ ಮಾಡುವ ಲೂಪಿನಲ್ಲಿ ‘ಐ’ ಎಂಬ ಎಣಿಕೆ ಸೊನ್ನೆಯಿಂದ ಹೊರಟು 61ಕ್ಕಿಂತ ಕಡಿಮೆ ಇರುವವರೆಗೆ ಎಂದಿರಬೇಕಾದಲ್ಲಿ, 61ಕ್ಕೆ ಸಮ ಅಥವಾ ಅದಕ್ಕಿಂತ ಕಡಿಮೆ ಇರುವವರೆಗೆ ಎಂದು ಬಿದ್ದಿತ್ತು. ಹಾಗಾಗಿ ಲೂಪಿನ 62ನೇ ಸುತ್ತು ಅರೇಯನ್ನು ದಾಟಿ ವಿಳಂಬದ ಸಂಖ್ಯೆಯನ್ನೂ ಸೊನ್ನೆ ಮಾಡಿತು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ನಮ್ಮ ಕಡೆ ಮಾಮೂಲು. ಕರೆಂಟು ಮರಳಿದ ಕ್ಷಣವೇ, ಒಳಗಿನ ಒತ್ತಡ ಇಳಿಯುವುದಕ್ಕೆ ಮೊದಲೇ, ಕಂಪ್ರೆಸರ್ ಚಾಲೂ ಆಗಲು ಹೊರಟು ಪದೇ ಪದೇ ಟ್ರಿಪ್ ಆಗತೊಡಗಿತು. ಅನಲೈಸರ್‌ನ ವರದಿಯಲ್ಲಿ ಆ ಫೈಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಮೌನದ ಅರ್ಥ ‘ಅಲ್ಲಿಯವರೆಗೆ ಹೋಗಲಿಲ್ಲ’ ಎಂದಿತ್ತು. ನಾವು ಅದನ್ನು ‘ದೋಷವಿಲ್ಲ’ ಎಂದು ಓದಿಕೊಂಡಿದ್ದೆವು.

ವರದಿ ಮೌನವಾಗಿದ್ದರೆ

ಈ ಅನಲೈಸರ್ ಕೋಡನ್ನು ಓಡಿಸುವುದಿಲ್ಲ. ವೇರಿಯಬಲ್‌ಗಳಲ್ಲಿ ನಿಜವಾದ ಬೆಲೆಗಳ ಬದಲು ಸಂಕೇತಗಳನ್ನು ಇಟ್ಟುಕೊಂಡು, ಪ್ರತಿ ಷರತ್ತಿನಲ್ಲೂ ‘ಹೌದು’ ಎಂಬ ದಾರಿಯನ್ನೂ ‘ಅಲ್ಲ’ ಎಂಬ ದಾರಿಯನ್ನೂ ಹಿಡಿದು ಮುಂದೆ ಸಾಗುತ್ತದೆ. ಲೂಪು ಬಂದರೆ ಪ್ರತಿ ಸುತ್ತಿಗೂ ದಾರಿಗಳು ಕವಲೊಡೆಯುವುದರಿಂದ ಎಲ್ಲಿಯಾದರೂ ನಿಲ್ಲಿಸಲೇಬೇಕಾಗುತ್ತದೆ. ಕ್ಲ್ಯಾಂಗ್‌ನಲ್ಲಿ ಒಂದು ದಾರಿಯು ಒಂದೇ ಬ್ಲಾಕನ್ನು (ನಡುವೆ ಕವಲಿಲ್ಲದ ಕೋಡಿನ ತುಂಡನ್ನು) ಎಷ್ಟು ಸಲ ಹಾಯಬಹುದು ಎಂಬುದಕ್ಕೆ ಮಿತಿಯಿದೆ; ನಾವಾಗಿ ಬದಲಾಯಿಸದಿದ್ದರೆ ಆ ಮಿತಿ 4. ಅದನ್ನು ಮೀರಿದ ದಾರಿಯನ್ನು ಅನಲೈಸರ್ ಅಲ್ಲಿಗೇ ಕೈಬಿಡುತ್ತದೆ. 62ನೇ ಸುತ್ತಿನ ತಪ್ಪು ಅದರ ಕಣ್ಣಿಗೆ ಬೀಳದಿದ್ದುದು ಇದರಿಂದ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ತಪ್ಪಿಹೋದ ಎಚ್ಚರಿಕೆಗಿಂತಲೂ ದೊಡ್ಡದು. ಲೂಪಿನ ಕೊನೆ ‘ಎನ್’ ಎಂಬ ಗೊತ್ತಿಲ್ಲದ ಸಂಖ್ಯೆಯಾಗಿದ್ದರೆ ಅನಲೈಸರ್ ‘ಎನ್’ ಸೊನ್ನೆಯೂ ಇರಬಹುದು, ಒಂದೂ ಇರಬಹುದು, ಎರಡೂ ಇರಬಹುದು ಎಂದು ಭಾವಿಸಿ ಆಯಾ ಸುತ್ತಿನ ಬಳಿಕ ಲೂಪಿನಿಂದ ಹೊರಬಂದು ಕೆಳಗಿನ ಸಾಲುಗಳನ್ನು ನೋಡುತ್ತದೆ. ಕೊನೆ 61 ಎಂದು ಖಚಿತವಾಗಿ ಬರೆದಿದ್ದರೆ ಅಂಥ ಊಹೆಗೆ ಎಡೆಯಿಲ್ಲ. ನಾಲ್ಕು ಸುತ್ತಿನೊಳಗೆ ಹೊರಬರುವ ದಾರಿಯೇ ಇಲ್ಲದ ಕಾರಣ ಎಲ್ಲ ದಾರಿಗಳೂ ಲೂಪಿನೊಳಗೇ ಕೊನೆಗೊಳ್ಳುತ್ತವೆ, ಮತ್ತು ಲೂಪಿನ ಕೆಳಗಿರುವ ಕೋಡ್ ಪೂರ್ತಿಯಾಗಿ ಪರೀಕ್ಷೆಯಿಂದ ಹೊರಗುಳಿಯುತ್ತದೆ. ಪ್ರೋಗ್ರಾಮರ್ ಹೆಚ್ಚು ಸ್ಪಷ್ಟವಾಗಿ ಬರೆದಷ್ಟೂ ಪರೀಕ್ಷೆ ಕಡಿಮೆಯಾಗುವ ಈ ಸ್ಥಿತಿಯನ್ನು ವರದಿ ತಾನಾಗಿ ಹೇಳುವುದಿಲ್ಲ. ನಮ್ಮ ಫೈಲಿನಲ್ಲಿ ಅದೇ ಫಂಕ್ಷನ್‌ನ ಕೆಳಭಾಗದಲ್ಲಿ ಖಾಲಿಯಾಗಿರಬಹುದಾದ ಪಾಯಿಂಟರನ್ನು (ಮೆಮೊರಿಯ ವಿಳಾಸವನ್ನು ಹಿಡಿದಿಡುವ ವೇರಿಯಬಲನ್ನು) ಪರಿಶೀಲಿಸದೆ ಬಳಸಿದ ಇನ್ನೊಂದು ತಪ್ಪಿತ್ತು. ಅದೂ ಅಷ್ಟು ದಿನ ಹೀಗೆಯೇ ಅಡಗಿಕೊಂಡಿತ್ತು.

ಆದ್ದರಿಂದ ಮೊದಲ ಪರೀಕ್ಷೆ ಇದು. ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡು, ಲೂಪು ಮುಗಿದ ಕೂಡಲೇ ಬರುವ ಜಾಗದಲ್ಲಿ, ಸೊನ್ನೆ ತುಂಬಿದ ವೇರಿಯಬಲ್‌ನಿಂದ ಭಾಗಿಸುವ ಒಂದು ಸಾಲನ್ನು ಬೇಕೆಂದೇ ಬರೆಯಬೇಕು. ಅನಲೈಸರ್ ಅದನ್ನು ಹಿಡಿದರೆ ಲೂಪಿನಾಚೆಗೆ ಅದು ತಲುಪುತ್ತಿದೆ ಎಂದರ್ಥ. ಹಿಡಿಯದಿದ್ದರೆ ಆ ಫಂಕ್ಷನ್‌ನ ಉಳಿದ ಭಾಗದ ಬಗ್ಗೆ ಈವರೆಗೆ ಬಂದ ಎಲ್ಲ ‘ಶುದ್ಧ’ ವರದಿಗಳನ್ನೂ ಬದಿಗಿಡಬೇಕು. ಅದೇ ಸಾಲನ್ನು ಲೂಪಿನ ಒಳಗೆ, ‘ಐ’ ಒಂದು ನಿರ್ದಿಷ್ಟ ಸಂಖ್ಯೆಯಾದಾಗ ಮಾತ್ರ ನಡೆಯುವಂತೆ ಷರತ್ತು ಹಾಕಿ ಇಟ್ಟರೆ, ಅನಲೈಸರ್ ಎಷ್ಟನೇ ಸುತ್ತಿನವರೆಗೆ ಬರುತ್ತದೆ ಎಂಬುದೂ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ, ಆದರೆ ಊಹೆಯಲ್ಲಿ ಕಳೆಯುವ ಅರ್ಧ ದಿನವನ್ನು ಇದು ಉಳಿಸುತ್ತದೆ.

ಪರಿಹಾರಗಳಲ್ಲಿ ನೇರವಾದದ್ದು ಲೂಪನ್ನು ಬಿಚ್ಚಿಸುವುದು, ಅಂದರೆ ಮಿತಿಗೆ ನಿಲ್ಲದೆ ಅದರ ಎಲ್ಲ ಸುತ್ತುಗಳನ್ನೂ ಒಂದೊಂದಾಗಿ ನೋಡಿಸುವುದು. ಕ್ಲ್ಯಾಂಗ್‌ನ ಲೂಪು ಬಿಚ್ಚುವ ಆಯ್ಕೆ ತಾನಾಗಿ ಚಾಲ್ತಿಯಲ್ಲಿರುವುದಿಲ್ಲ, ನಾವೇ ಕೊಡಬೇಕು. ಎಣಿಕೆಯ ಆರಂಭವೂ ಕೊನೆಯೂ ಖಚಿತ ಸಂಖ್ಯೆಗಳಾಗಿದ್ದು, ಲೂಪಿನೊಳಗೆ ಎಣಿಕೆಯನ್ನು ಬದಲಾಯಿಸದೆ, ಅದರ ವಿಳಾಸವನ್ನು ಬೇರೆ ಫಂಕ್ಷನ್‌ಗೆ ಕೊಡದೆ ಇದ್ದರೆ ಮಾತ್ರ ಅದು ಬಿಚ್ಚುತ್ತದೆ. ಒಳಗೊಂದು ಹೊರಗೊಂದು ಇರುವ ಲೂಪುಗಳ ಸುತ್ತುಗಳನ್ನೂ ಗುಣಿಸಿ ಲೆಕ್ಕ ಹಾಕಿ 128ರ ಗಡಿ ಇಟ್ಟುಕೊಳ್ಳುತ್ತದೆ. 61 ದಿನದ ನಮ್ಮ ಲೂಪು ಈ ಗಡಿಯೊಳಗೆ ಬಂತು. ವರ್ಷದ 365 ದಿನಗಳ ಲೂಪಾಗಿದ್ದರೆ ಬರುತ್ತಿರಲಿಲ್ಲ. ಸುತ್ತಿನ ಮಿತಿಯನ್ನೇ 4ರಿಂದ 400ಕ್ಕೆ ಏರಿಸೋಣವೆಂದು ಕೆಲವರಿಗೆ ಅನ್ನಿಸುವುದುಂಟು. ಒಳಗೆ ಷರತ್ತುಗಳಿರುವ ಲೂಪಿನಲ್ಲಿ ದಾರಿಗಳ ಸಂಖ್ಯೆ ಸುತ್ತಿಗೆ ಸುತ್ತು ಇಮ್ಮಡಿಸುತ್ತ ಹೋಗುವುದರಿಂದ ಅನಲೈಸರ್ ತನ್ನ ಒಟ್ಟು ಹೆಜ್ಜೆಗಳ ಮಿತಿಯನ್ನು ಮುಟ್ಟಿ ಬೇರೆ ಕಡೆ ಕುರುಡಾಗುತ್ತದೆ. ಆ ದಾರಿಯನ್ನು ನಾನು ಶಿಫಾರಸು ಮಾಡುವುದಿಲ್ಲ.

ದೊಡ್ಡ ಲೂಪುಗಳಿಗೆ ತಕ್ಕ ಉಪಾಯ 1977ರಲ್ಲಿ ಪ್ಯಾಟ್ರಿಕ್ ಕೂಸೋ ಮತ್ತು ರಾಧಿಯಾ ಕೂಸೋ ಮಂಡಿಸಿದ ವಿಧಾನದಲ್ಲಿದೆ. ಪ್ರತಿ ಸುತ್ತನ್ನೂ ನಡೆದು ನೋಡುವ ಬದಲು ವೇರಿಯಬಲ್‌ನ ಬೆಲೆ ಯಾವ ಎರಡು ಅಂಚುಗಳ ನಡುವೆ ಇರುತ್ತದೆ ಎಂಬುದನ್ನು ಮಾತ್ರ ಇದು ಲೆಕ್ಕ ಹಾಕುತ್ತದೆ. ನಮ್ಮ ಲೂಪನ್ನೇ ತೆಗೆದುಕೊಂಡರೆ, ಮೊದಲ ಸಲ ‘ಐ’ 0. ಎರಡನೆಯ ಸಲ 0ರಿಂದ 1. ಮೇಲಿನ ಅಂಚು ಬೆಳೆಯುತ್ತಿದೆಯೆಂದು ಕಂಡ ಕೂಡಲೇ ಅದನ್ನು ಅನಂತಕ್ಕೆ ಹಿಗ್ಗಿಸಿ, ಬಳಿಕ ಲೂಪಿನ ಷರತ್ತನ್ನು ಅನ್ವಯಿಸಿ 0ರಿಂದ 61ಕ್ಕೆ ಕುಗ್ಗಿಸಲಾಗುತ್ತದೆ. ಅರೇಯ ಸ್ಥಾನಗಳು 0ರಿಂದ 60. ಇಂಡೆಕ್ಸ್ (ಸ್ಥಾನವನ್ನು ಸೂಚಿಸುವ ಸಂಖ್ಯೆ, ಇಲ್ಲಿ ‘ಐ’) 61ರವರೆಗೆ ಹೋಗಬಹುದು. ಮೂರು ನಾಲ್ಕು ಹೆಜ್ಜೆಯಲ್ಲಿ ತಪ್ಪು ಹೊರಬಿತ್ತು, ಮತ್ತು ಕೊನೆ 61ರ ಬದಲು 61 ಲಕ್ಷವಾಗಿದ್ದರೂ ಹೆಜ್ಜೆಗಳು ಹೆಚ್ಚುವುದಿಲ್ಲ. ನಾವು ಅರೇಗಳ ಅಂಚಿಗೆ ಮಾತ್ರ ಸೀಮಿತವಾದ ಇಂಥ ಒಂದು ಪರೀಕ್ಷೆಯನ್ನು ಬರೆದು ಸೇರಿಸಿಕೊಂಡೆವು. ಕ್ಲ್ಯಾಂಗ್‌ನಲ್ಲೇ ಹಿಗ್ಗಿಸುವ ಆಯ್ಕೆಯೊಂದು ಇದೆಯಾದರೂ, ಲೂಪಿನಲ್ಲಿ ಬದಲಾಗಿರಬಹುದಾದುದನ್ನೆಲ್ಲ ಅದು ಮರೆತುಬಿಡುವುದರಿಂದ ಲೂಪಿನಾಚೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ.

ಏನೇ ಮಾಡಿದರೂ ನೋಡದೆ ಉಳಿದ ಕೋಡ್ ಇದ್ದೇ ಇರುತ್ತದೆ, ಅದನ್ನು ವರದಿ ಬಾಯಿಬಿಟ್ಟು ಹೇಳಬೇಕು. ಕ್ಲ್ಯಾಂಗ್‌ನ ಡೀಬಗ್ ಚೆಕರ್‌ಗಳ (ಅನಲೈಸರ್‌ನ ಒಳಗಿನ ಕೆಲಸವನ್ನು ತೋರಿಸುವ ಪರೀಕ್ಷೆಗಳ) ಪೈಕಿ ಅಂಕಿಅಂಶ ಕೊಡುವ ಒಂದು, ಪ್ರತಿ ಫಂಕ್ಷನ್‌ನಲ್ಲಿ ಒಟ್ಟು ಬ್ಲಾಕುಗಳೆಷ್ಟು, ತಲುಪಲಾಗದವು ಎಷ್ಟು, ಸುತ್ತಿನ ಮಿತಿ ಮುಗಿದ ಬ್ಲಾಕು ಇದೆಯೇ ಎಂಬುದನ್ನು ತಿಳಿಸುತ್ತದೆ. ನಮ್ಮ ವರದಿಯ ಪದರ ಈಗ ಅದನ್ನು ಓದಿ, ಎಚ್ಚರಿಕೆಗಳ ಪಟ್ಟಿಗಿಂತ ಮೇಲೆ, ‘ಈ ಲೂಪಿನಲ್ಲಿ 4 ಸುತ್ತಿಗೆ ನಿಲ್ಲಿಸಲಾಗಿದೆ, ಕೆಳಗಿನ ಸಾಲುಗಳನ್ನು ಪರಿಶೀಲಿಸಿಲ್ಲ’ ಎಂದು ಸಾಲಿನ ಸಂಖ್ಯೆಯೊಂದಿಗೆ ಮುದ್ರಿಸುತ್ತದೆ. ನಾವು ಮಾಡಿದ ಬದಲಾವಣೆಗಳಲ್ಲಿ ಅತ್ಯಂತ ಸಣ್ಣದೂ ಅತ್ಯಂತ ಉಪಯುಕ್ತವೂ ಇದೇ.

ಸೊನ್ನೆ ಸುತ್ತಿನ ಎಚ್ಚರಿಕೆ

ಹೊಸಬರನ್ನು ಹೆಚ್ಚು ಕಾಡುವುದು, ಲೂಪು ಒಂದು ಸಲವೂ ನಡೆಯದಿದ್ದರೆ ಈ ವೇರಿಯಬಲ್‌ನಲ್ಲಿ ಕಸದ ಬೆಲೆ ಉಳಿಯುತ್ತದೆ ಎಂಬ ಎಚ್ಚರಿಕೆ. ಉಪ್ಪುನೀರಿನ ತೊಟ್ಟಿಯಲ್ಲಿರುವ ‘ಎನ್’ ಸೆನ್ಸರುಗಳ ಓದಿನಲ್ಲಿ ಗರಿಷ್ಠ ಉಷ್ಣತೆಯನ್ನು ಹುಡುಕುವ ಫಂಕ್ಷನ್‌ನಲ್ಲಿ ಇದು ಬಂದಿತ್ತು. ತಂಡಕ್ಕೆ ಆಗಷ್ಟೇ ಸೇರಿದ್ದ ಸಹೋದ್ಯೋಗಿಯೊಬ್ಬರು ಸಂಜೆಯೊಳಗೆ ಬಂದು, “ಸರ್, ಗರಿಷ್ಠಕ್ಕೆ ಮೊದಲೇ ಸೊನ್ನೆ ಇಟ್ಟೆ, ಎಚ್ಚರಿಕೆ ಹೋಯಿತು” ಎಂದರು. “ತೊಟ್ಟಿಯ ಉಪ್ಪುನೀರು ಎಷ್ಟು ಡಿಗ್ರಿಯಲ್ಲಿ ಉಂಟು, ನೋಡಿದ್ದೀರಾ?” ಎಂದು ಕೇಳಿದೆ. ಅವರು ಕ್ಷಣ ಹೊತ್ತು ಸುಮ್ಮನಿದ್ದು, “ಸೊನ್ನೆಗಿಂತ ಕೆಳಗೆ” ಎಂದು ಹೇಳಿ, ತಾವೇ ಹಿಂದಿರುಗಿ ಆ ಸಾಲನ್ನು ಅಳಿಸಿದರು. ಮಂಜುಗಡ್ಡೆ ಕಟ್ಟುವ ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಕೆಳಗೇ ಇರಬೇಕಾದುದರಿಂದ ಯಾವ ಸೆನ್ಸರಿನ ಓದೂ ಆ ಸೊನ್ನೆಯನ್ನು ಮೀರುವುದಿಲ್ಲ. ಗರಿಷ್ಠ ಉಷ್ಣತೆ ಎಂದೆಂದಿಗೂ ಸೊನ್ನೆಯೆಂದೇ ತೋರುತ್ತಿತ್ತು.

ಇಂಥ ಎಚ್ಚರಿಕೆ ಬಂದಾಗ ಕೇಳಬೇಕಾದ ಪ್ರಶ್ನೆ, ‘ಎನ್’ ಸೊನ್ನೆಯಾಗಲು ನಿಜವಾಗಿ ಸಾಧ್ಯವೇ ಎಂಬುದು. ಸೆನ್ಸರಿನ ತಂತಿಗಳೆಲ್ಲ ತುಕ್ಕು ಹಿಡಿದು ಒಂದೂ ಓದು ಬಾರದ ದಿನ ಸಮುದ್ರದಂಡೆಯ ಪ್ಲಾಂಟಿನಲ್ಲಿ ಬರಬಹುದಾದುದರಿಂದ, ನಮ್ಮ ಮಟ್ಟಿಗೆ ಉತ್ತರ ‘ಹೌದು’ ಎಂದೇ ಆಯಿತು, ಮತ್ತು ಫಂಕ್ಷನ್ ‘ಓದು ಇಲ್ಲ’ ಎಂಬುದನ್ನು ಬೇರೆಯಾಗಿ ಮರಳಿಸುವಂತೆ ಬದಲಾಯಿತು. ಉತ್ತರ ‘ಇಲ್ಲ’ ಎಂದಾದರೆ ಲೂಪಿನ ಮೊದಲು ‘ಎನ್’ ಸೊನ್ನೆಗಿಂತ ಹೆಚ್ಚು ಎಂದು ಅಸರ್ಟ್ (ಇದು ನಿಜವಾಗಿರಲೇಬೇಕು, ಇಲ್ಲದಿದ್ದರೆ ನಿಲ್ಲು ಎಂದು ಹೇಳುವ ಸಾಲು) ಬರೆಯಬೇಕು. ಅನಲೈಸರ್ ಅದನ್ನು ನಂಬಿ ಸೊನ್ನೆ ಸುತ್ತಿನ ದಾರಿಯನ್ನು ಬಿಡುತ್ತದೆ. ಅಸರ್ಟ್ ಬರೆದ ಮೇಲೂ ಎಚ್ಚರಿಕೆ ಹೋಗದಿದ್ದರೆ, ಅಸರ್ಟ್‌ಗಳನ್ನು ತೆಗೆದುಹಾಕುವ ಬಿಡುಗಡೆ ಸಂರಚನೆಯಲ್ಲಿ ಅನಲೈಸರ್ ನಡೆಯುತ್ತಿದೆಯೇ ಎಂದು ನೋಡಬೇಕು. ಪರೀಕ್ಷೆಯನ್ನು ಯಾವಾಗಲೂ ಡೀಬಗ್ ಸಂರಚನೆಯಲ್ಲೇ ನಡೆಸುವುದು ಸರಿ. ವರದಿಯ ಕಡೆಯಿಂದ ನಾವು ಮಾಡಿದ್ದಿಷ್ಟೆ: ಎಚ್ಚರಿಕೆಯ ಮೊದಲ ವಾಕ್ಯದಲ್ಲೇ ‘ಎನ್ ಸೊನ್ನೆ ಎಂದು ಭಾವಿಸಿದರೆ’ ಎಂಬ ಮಾತು ಬರುವಂತೆ ಮಾಡಿದೆವು. ಮೊದಲು ಅದು ಹದಿನೈದು ಹೆಜ್ಜೆಗಳ ನಡುವೆ ಎಲ್ಲೋ ಹುದುಗಿರುತ್ತಿತ್ತು.

ಸುಳ್ಳೆಂದು ತಳ್ಳಿಹಾಕುವ ಮೊದಲು

ಬೆಲೆಯ ಅಂಚುಗಳನ್ನು ಲೆಕ್ಕ ಹಾಕುವ ಪರೀಕ್ಷೆ ಸೇರಿಸಿದ ಮೇಲೆ ಹೊಸ ಬಗೆಯ ಎಚ್ಚರಿಕೆಗಳು ಬಂದವು. ಅವುಗಳಲ್ಲಿ ಒಂದು, ಎಂಟು ಸ್ಥಾನಗಳ ಅರೇಯನ್ನು ಸುತ್ತು ಹಾಕುತ್ತ ತುಂಬುವ ಲೂಪಿನದು. ಉಡುಪಿಯಲ್ಲಿ ಪರ್ಯಾಯವು ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಸಾಗಿ, ಅಷ್ಟಮಠಗಳನ್ನೂ ದಾಟಿ, 16 ವರ್ಷಗಳಿಗೆ ಮೊದಲಿನ ಮಠಕ್ಕೆ ಮರಳುತ್ತದಲ್ಲ, ಅದೇ ರೀತಿ ಎಂಟನೆಯ ಸ್ಥಾನದ ಬಳಿಕ ಮತ್ತೆ ಮೊದಲನೆಯದು. ಇಲ್ಲಿ ಎಣಿಕೆಯು ನಿಮಿಷಕ್ಕೊಂದರಂತೆ ಬೆಳೆಯುತ್ತ ಹೋಗಿ, ಅದನ್ನು ಎಂಟರಿಂದ ಭಾಗಿಸಿದ ಶೇಷವೇ ಇಂಡೆಕ್ಸ್ ಆಗುತ್ತಿತ್ತು. ಶೇಷ 0ರಿಂದ 7ರೊಳಗೇ ಇರುವಾಗ ‘ಇಂಡೆಕ್ಸ್ ಋಣ ಸಂಖ್ಯೆಯಾಗಬಹುದು, −7ರವರೆಗೆ’ ಎಂಬ ಎಚ್ಚರಿಕೆ ಎಲ್ಲಿಂದ ಬಂತೆಂದು ಎಲ್ಲರಿಗೂ ಆಶ್ಚರ್ಯವಾಯಿತು.

ಸಿ ಭಾಷೆಯಲ್ಲಿ ಭಾಜ್ಯ ಋಣವಾಗಿದ್ದರೆ ಶೇಷವೂ ಋಣವಾಗುತ್ತದೆ. ನಮ್ಮ ನಿಯಂತ್ರಕದಲ್ಲಿ ಇಂಟ್ (ಪೂರ್ಣಾಂಕವನ್ನು ಇಡುವ ಸಾಮಾನ್ಯ ಬಗೆ) ಎಂದರೆ 16 ಬಿಟ್. ಅದರ ಗರಿಷ್ಠ ಬೆಲೆ 32,767. ನಿಮಿಷಕ್ಕೊಂದರಂತೆ ಎಣಿಸಿದರೆ 23ನೇ ದಿನ ಅದು ತುಂಬಿ, ಮುಂದಿನ ಕೂಡಿಕೆಯಲ್ಲಿ ಏನಾಗುತ್ತದೆಂಬುದಕ್ಕೆ ಭಾಷೆಯೇ ಹೊಣೆ ಹೊರುವುದಿಲ್ಲ; ಸಾಮಾನ್ಯವಾಗಿ ಎಣಿಕೆ ಋಣಕ್ಕೆ ಮಗುಚುತ್ತದೆ. ಮೇಜಿನ ಮೇಲೆ ಎರಡು ದಿನ ಓಡಿಸಿ ನೋಡಿದವರಿಗೆ ಇದು ಕಾಣುವುದಿಲ್ಲ. ನಾವು ಸುಳ್ಳೆಂದುಕೊಂಡ ಎಚ್ಚರಿಕೆ ನಿಜವಾಗಿತ್ತು, ಆದರೆ ವರದಿ ಕಾರಣವನ್ನು ಹೇಳದೆ ಫಲವನ್ನಷ್ಟೇ ಹೇಳಿದ್ದರಿಂದ ಅದು ಸುಳ್ಳಿನಂತೆ ಕಂಡಿತು. ಎಣಿಕೆಯನ್ನೇ ಪ್ರತಿ ಸುತ್ತಿನಲ್ಲೂ ಎಂಟರ ಶೇಷಕ್ಕೆ ಇಳಿಸಿ ಇಟ್ಟುಕೊಂಡಾಗ ಅಂಚು 0ರಿಂದ 7ರಲ್ಲಿ ನಿಂತು ಎಚ್ಚರಿಕೆ ತಾನಾಗಿ ಹೋಯಿತು. ಅಂದಿನಿಂದ ಈ ಪರೀಕ್ಷೆಯ ಪ್ರತಿ ಎಚ್ಚರಿಕೆಯ ಜೊತೆಗೂ, ಇದು ಸುತ್ತುಗಳನ್ನು ನಡೆದು ಕಂಡದ್ದೋ ಅಂಚುಗಳನ್ನು ಲೆಕ್ಕ ಹಾಕಿ ಕಂಡದ್ದೋ, ಲೆಕ್ಕವಾದರೆ ಯಾವ ಸಾಲಿನಲ್ಲಿ ಅಂಚು ಹಿಗ್ಗಿತು ಎಂಬುದನ್ನು ಬರೆಯಲಾಗುತ್ತದೆ.

ಮುಗಿಯದ ಲೂಪು

ಯಾವುದೇ ಪ್ರೋಗ್ರಾಂ ನಿಲ್ಲುತ್ತದೆಯೋ ಇಲ್ಲವೋ ಎಂದು ಎಲ್ಲ ಸಂದರ್ಭಗಳಲ್ಲೂ ಹೇಳಬಲ್ಲ ವಿಧಾನ ಇರಲಾರದೆಂದು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಈ ವಿಷಯದಲ್ಲಿ ಅನಲೈಸರ್ ಪೂರ್ಣವಾಗಿರಬೇಕೆಂದು ಕಾಯುವಂತಿಲ್ಲ. ಗುರುತಿಸಬಲ್ಲ ಕೆಲವು ಮಾದರಿಗಳನ್ನು ಅದು ಸ್ಪಷ್ಟವಾಗಿ ಹೇಳಿದರೆ ಸಾಕು. ಅನ್‌ಸೈನ್ಡ್ (ಎಂದೂ ಋಣವಾಗದ) ಎಣಿಕೆಯನ್ನು ಸೊನ್ನೆ ಅಥವಾ ಹೆಚ್ಚು ಇರುವವರೆಗೆ ಇಳಿಸುತ್ತ ಹೋಗುವ ಲೂಪು, 8 ಬಿಟ್ ಎಣಿಕೆಯನ್ನು 300ಕ್ಕೆ ಹೋಲಿಸುವ ಲೂಪು ಇವೆಲ್ಲ ಸುಲಭವಾಗಿ ಸಿಗುವಂಥವು.

ಕಷ್ಟವಾದದ್ದು ಒಂದು ಬೆಲೆಗೆ ಮಾತ್ರ ಸಿಕ್ಕಿಬೀಳುವ ಲೂಪು. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ 30 ಜಿಬಿ ಝೂನ್ ಸಂಗೀತ ಸಾಧನಗಳು ಒಟ್ಟಿಗೆ ಸ್ತಬ್ಧವಾದುದು ಇಂಥದ್ದರಿಂದ. ದಿನಗಳ ಸಂಖ್ಯೆ 365ಕ್ಕಿಂತ ಹೆಚ್ಚಿರುವವರೆಗೆ ಆ ಲೂಪು ಸುತ್ತುತ್ತಿತ್ತು. ಅಧಿಕ ವರ್ಷವಾದರೆ, ದಿನ 366ಕ್ಕಿಂತ ಹೆಚ್ಚಿದ್ದಾಗ ಮಾತ್ರ 366ನ್ನು ಕಳೆಯುತ್ತಿತ್ತು. ದಿನ ಸರಿಯಾಗಿ 366 ಆದ ಅಧಿಕ ವರ್ಷದ ಕೊನೆಯ ದಿನ ಏನನ್ನೂ ಕಳೆಯದೆ, ಹೊರಗೂ ಬಾರದೆ ಅಲ್ಲೇ ಉಳಿಯಿತು. ಇಂಥಲ್ಲಿ ‘ಲೂಪು ಮುಗಿಯದಿರಬಹುದು’ ಎಂಬ ಒಂದು ಸಾಲಿನ ಎಚ್ಚರಿಕೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ‘ದಿನ 366, ವರ್ಷ 2008 ಇರುವಾಗ ಲೂಪಿನ ಆರಂಭಕ್ಕೆ ಅದೇ ಬೆಲೆಗಳೊಂದಿಗೆ ಮರಳುತ್ತದೆ’ ಎಂದು ಬರೆದರೆ ಓದಿದವರು ಬೆರಳಿಟ್ಟು ತೋರಿಸಬಲ್ಲರು. ಲೂಪಿಗೆ ಬರುವವರೆಗಿನ ದಾರಿಯನ್ನೂ ಲೂಪಿನೊಳಗೆ ಮರುಕಳಿಸುವ ದಾರಿಯನ್ನೂ ಬೇರೆ ಬೇರೆಯಾಗಿ ತೋರಿಸುವುದು ಇದಕ್ಕೆ ಅಗತ್ಯ.

ನಿಯಂತ್ರಕಗಳ ಕೋಡಿನಲ್ಲಿ ಮುಖ್ಯ ಲೂಪು ಎಂದೂ ಮುಗಿಯಬಾರದು. ಷರತ್ತು ಸದಾ ನಿಜವಾದ ಸ್ಥಿರ ಸಂಖ್ಯೆಯಾಗಿರುವ ಲೂಪಿಗೆ ನಾವು ಎಚ್ಚರಿಕೆ ಕೊಡುವುದಿಲ್ಲ. ಇಂಟರಪ್ಟ್‌ನಲ್ಲಿ (ಹೊರಗಿನ ಸಂಕೇತ ಬಂದಾಗ ನಡುವೆ ನುಗ್ಗಿ ನಡೆಯುವ ಕೋಡಿನಲ್ಲಿ) ಬದಲಾಗುವ ಧ್ವಜಕ್ಕಾಗಿ, ಅಂದರೆ ಹೌದು-ಅಲ್ಲ ಹೇಳುವ ವೇರಿಯಬಲ್‌ಗಾಗಿ, ಕಾಯುವ ಲೂಪಿನ ಮೇಲಿನ ಎಚ್ಚರಿಕೆಯನ್ನು ಮಾತ್ರ, ‘ಅದು ಇಂಟರಪ್ಟ್‌ನಲ್ಲಿ ಬದಲಾಗುತ್ತದೆ’ ಎಂದು ಹೇಳಿ ತಳ್ಳಿಹಾಕಬಾರದು. ಆ ಧ್ವಜವನ್ನು ವೋಲಟೈಲ್ (ಪ್ರತಿ ಸಲವೂ ಹೊಸದಾಗಿ ಓದಬೇಕಾದದ್ದು) ಎಂದು ಘೋಷಿಸಿದೆಯೇ ನೋಡಬೇಕು. ಘೋಷಿಸದಿದ್ದರೆ ಕಂಪೈಲರ್ ಅದನ್ನು ಒಂದೇ ಸಲ ಓದಿಟ್ಟುಕೊಳ್ಳಬಹುದು. 2011ರ ಸಿ ಮಾನಕದ ಪ್ರಕಾರ, ಸ್ಥಿರವಲ್ಲದ ಷರತ್ತಿನ, ಹೊರಗೆ ಯಾವ ಪರಿಣಾಮವನ್ನೂ ಮಾಡದ ಲೂಪು ಮುಗಿಯುತ್ತದೆಂದೇ ಭಾವಿಸಲೂಬಹುದು.

ಒಂದೇ ತಪ್ಪು ಹಲವು ಸಲ ಬಂದರೆ

ಪಟ್ಟಿಯಲ್ಲಿ ಒಂದೇ ಸಾಲಿನ ತಪ್ಪು ಮೊದಲ, ಎರಡನೆಯ, ಮೂರನೆಯ ಸುತ್ತಿಗೆಂದು ಬೇರೆ ಬೇರೆಯಾಗಿ ಬಂದರೆ ದೋಷ ಅನಲೈಸರ್‌ನದಲ್ಲ, ವರದಿಯ ಪದರದ್ದು. ಎಚ್ಚರಿಕೆಯ ಗುರುತಿನಲ್ಲಿ (ಅದು ಹಳೆಯದೋ ಹೊಸದೋ ಎಂದು ತಿಳಿಯಲು ಕೊಡುವ ಹೆಸರಿನಲ್ಲಿ) ಸುತ್ತಿನ ಸಂಖ್ಯೆ ಸೇರಿಕೊಂಡಿದೆಯೇ ನೋಡಿ, ಸೇರಿದ್ದರೆ ತೆಗೆಯಬೇಕು. ಅಂಥ ಗುಂಪಿನಿಂದ ಅತಿ ಚಿಕ್ಕ ದಾರಿಯದನ್ನು ಮಾತ್ರ ತೋರಿಸಬೇಕು. ಗುರುತಿನಲ್ಲಿ ಸಾಲಿನ ಸಂಖ್ಯೆಯೂ ಇರಬಾರದು. ಇದ್ದರೆ, ಮೇಲೊಂದು ಟಿಪ್ಪಣಿ ಸೇರಿಸಿದ ಮಾತ್ರಕ್ಕೆ ಹಳೆಯ ಎಚ್ಚರಿಕೆಗಳೆಲ್ಲ ಹೊಸದೆಂದು ಬರುತ್ತವೆ. ದಾರಿಯನ್ನು ತೋರಿಸುವಾಗ ಬದಲಾವಣೆಯಿಲ್ಲದ ಸುತ್ತುಗಳನ್ನು ಮಡಚಿ ಒಂದೇ ಸಾಲಾಗಿಸುವುದು ಒಳ್ಳೆಯದು. ಅನಲೈಸರ್‌ಗಳ ವರದಿಯನ್ನು ಬರೆದಿಡುವ, 2020ರಲ್ಲಿ ಓಯಾಸಿಸ್ ಎಂಬ ಮಾನಕ ಸಂಸ್ಥೆಯ ಮಾನಕವಾದ ಸಾರಿಫ್ 2.1.0 ರೂಪದಲ್ಲಿ ದಾರಿಯ ಪ್ರತಿ ಹೆಜ್ಜೆಗೂ ಮಹತ್ವದ ಮಟ್ಟವನ್ನು ಬರೆಯಲು ಸ್ಥಳವಿದೆ; ಮಡಚಬಹುದಾದ ಹೆಜ್ಜೆಗಳನ್ನು ಅಮುಖ್ಯವೆಂದು ಗುರುತಿಸಿದರೆ ಓದುವ ತಂತ್ರಾಂಶ ಅವನ್ನು ಮರೆಯಾಗಿಡಬಹುದು.

61 ದಿನಗಳ ಆ ಲೂಪನ್ನು, ತಪ್ಪಿನ ಸಮೇತ, ನಾವು ಪರೀಕ್ಷಾ ಫೈಲಾಗಿ ಇಟ್ಟುಕೊಂಡಿದ್ದೇವೆ. ಅನಲೈಸರ್‌ನ ಹೊಸ ಆವೃತ್ತಿ ಬಂದಾಗಲೂ, ವರದಿಯ ಪದರ ಬದಲಾದಾಗಲೂ ಮೊದಲು ಓಡಿಸುವುದು ಅದರ ಮೇಲೆ. ‘ಇಂಡೆಕ್ಸ್ ಮಿತಿ ಮೀರಿದೆ’ ಎಂದಷ್ಟೇ ಬಂದರೆ ಪರೀಕ್ಷೆ ಸೋತಂತೆ. ಗೆಲ್ಲಬೇಕಾದರೆ ವರದಿ ಹೀಗೆ ಹೇಳಬೇಕು: ‘62ನೇ ಸುತ್ತಿನಲ್ಲಿ ಐ 61 ಆದಾಗ 61 ಸ್ಥಾನಗಳ ಅರೇಯ ಹೊರಗೆ, ವಿಳಂಬದ ಸಂಖ್ಯೆಯ ಮೇಲೆ ಬರೆಯಲಾಗುತ್ತದೆ, ಅಂಚುಗಳ ಲೆಕ್ಕದಿಂದ ಕಂಡದ್ದು.’ ಕೋಡನ್ನು ಓಡಿಸಿ ಮೆಮೊರಿಯ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಕೂಡ ಒಂದೇ ಸ್ಟ್ರಕ್ಚರ್‌ನೊಳಗಿನ ಇಂಥ ದಾಟುವಿಕೆಯನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲವಾದ್ದರಿಂದ, ಅರೇಯ ಮಿತಿಯನ್ನು ಓಡುವಾಗ ಪರಿಶೀಲಿಸುವ ಬೌಂಡ್ಸ್ ಸ್ಯಾನಿಟೈಸರನ್ನೂ ಅದೇ ಫೈಲಿನ ಮೇಲೆ ಜೊತೆಗೆ ಓಡಿಸುತ್ತೇವೆ.